ಊರಿನ ಯೋಧನಿಗೆ ಸ್ಮಾರಕ: ಗೌರವವೋ, ಯುದ್ಧದ ಹೊಗಳಿಕೆಯೋ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ನಮ್ಮಲ್ಲೇ ಓದಿದ ಹುಡುಗನೊಬ್ಬ ಸೈನ್ಯ ಸೇರಿ ಗಡಿಯಲ್ಲಿ ತೀರಿಕೊಂಡ. ಈಗ ಊರವರು ಚಂದಾ ಎತ್ತಿ ಶಾಲೆಯ ಮುಂದೆ ಅವನ ಪ್ರತಿಮೆ ಮಾಡಿಸುತ್ತಿದ್ದಾರೆ. ಕೈಯಲ್ಲಿ ಬಂದೂಕು, ಕೆಳಗೆ ‘ಮುಂದಿನ ವೀರ ನೀನೇ’ ಎಂಬ ಸಾಲು. ಉದ್ಘಾಟನೆಯ ದಿನ ಮಕ್ಕಳಿಗೆ ಮಿಲಿಟರಿ ಡ್ರೆಸ್ ಹಾಕಿಸಿ ಯುದ್ಧದ ರೂಪಕ. ಕಲ್ಲಿನ ಬರಹ ಬರೆಯುವುದು, ಮಕ್ಕಳನ್ನು ತಯಾರು ಮಾಡುವುದು ಎರಡೂ ನನ್ನ ಪಾಲಿಗೆ ಬಂದಿವೆ. ಇದು ಯುದ್ಧವನ್ನು ಮೆರೆಸುವುದು ಅಂತ ಒಬ್ಬ ಸಹೋದ್ಯೋಗಿ ಹೇಳಿದರು. ಸತ್ತವನ ವಿಷಯದಲ್ಲಿ ಹಾಗೆ ಕೇಳುವುದೇ ಅವಮಾನ ಅಂತ ಇನ್ನೊಬ್ಬರು ಸಿಟ್ಟಾದರು. ನೀವು ವೀರಗಲ್ಲುಗಳನ್ನು ಓದಿದವರು. ಸತ್ತ ಸೈನಿಕರನ್ನು ಹೀಗೆ ನೆನೆಯುವುದು ತ್ಯಾಗಕ್ಕೆ ಗೌರವವೋ, ಯುದ್ಧಕ್ಕೆ ಹೊಗಳಿಕೆಯೋ? ನಾನು ಏನು ಮಾಡಲಿ?

ಉತ್ತರ: ಮೇಡಂ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಸ್ಮಾರಕ ಆಗಲಿ. ಆ ಹುಡುಗನ ಹೆಸರು ನಿಮ್ಮ ಶಾಲೆಯ ಮುಂದೆ ಇರಬೇಕು. ‘ಮುಂದಿನ ವೀರ ನೀನೇ’ ಎಂಬ ಸಾಲು ಮಾತ್ರ ಬೇಡ.

ನಿಮ್ಮ ಇಬ್ಬರೂ ಸಹೋದ್ಯೋಗಿಗಳ ಮಾತಿನಲ್ಲಿ ಹುರುಳಿದೆ. ಒಂದೇ ಕಲ್ಲು ಎರಡೂ ಕೆಲಸ ಮಾಡಬಲ್ಲದು. ಅದು ಯಾರನ್ನು ಏನು ಕೇಳುತ್ತಿದೆ ಅಂತ ನೋಡಬೇಕು. ಸತ್ತವನು ಯಾರು, ಹೇಗೆ ಸತ್ತ, ಅವನ ಮನೆಯವರಿಗೆ ನಮ್ಮ ಋಣ ಏನು ಅಂತ ಊರನ್ನು ಕೇಳಿದರೆ ಅದು ಗೌರವ. ಎಂಟನೇ ಕ್ಲಾಸಿನ ಹುಡುಗನ ಕಡೆ ತಿರುಗಿ ‘ನೀನು ಯಾವಾಗ?’ ಅಂತ ಕೇಳಿದರೆ, ಆಗ ನಿಮ್ಮ ಮೊದಲ ಸಹೋದ್ಯೋಗಿ ಹೇಳಿದ್ದೇ ಸರಿ.

ಈ ಜಗಳ ಹೊಸದೇನಲ್ಲ. ನಿಮ್ಮ ಜಿಲ್ಲೆಯಲ್ಲೇ ಹಾನಗಲ್, ಹಿರೇಕೆರೂರು ಕಡೆ ಹೋದರೆ ಗುಡಿಯ ಅಂಗಳದಲ್ಲಿ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲುಗಳು ಸಿಗುತ್ತವೆ. ಪಕ್ಕದ ಶಿಕಾರಿಪುರ, ಸೊರಬದಲ್ಲೂ ಬೇಕಾದಷ್ಟಿವೆ. ಹೆಚ್ಚಿನವುಗಳಲ್ಲಿ ಮೂರು ಪಟ್ಟಿಕೆ. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಜೈನನಾದರೆ ಜಿನನ ಮುಂದೆ. ತುದಿಯಲ್ಲಿ ಸೂರ್ಯ ಚಂದ್ರ. ಬರಹ ಇದ್ದರೆ ಅದರಲ್ಲಿ ಯಾವ ರಾಜನ ಕಾಲ, ಯಾವ ಊರು, ಏನಾಯಿತು, ಯಾರು ಸತ್ತರು, ಕಲ್ಲು ನಿಲ್ಲಿಸಿದವರು ಯಾರು ಅನ್ನುವುದು ಸಿಗುತ್ತದೆ.

ವೀರಗಲ್ಲು ಅಂದ ಕೂಡಲೇ ನಮಗೆ ರಾಜರ ದೊಡ್ಡ ಯುದ್ಧ ನೆನಪಾಗುತ್ತದೆ. ಅಂಥವೂ ಇವೆ. ಆದರೆ ಓದುತ್ತಾ ಹೋದರೆ ಊರಿನ ಕಥೆಗಳೇ ಜಾಸ್ತಿ ಎದುರಾಗುತ್ತವೆ. ದನ ಹೊಡೆದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ, ದನ ತಿರುಗಿಸಿ ಸತ್ತವನು. ಊರಿನ ಮೇಲೆ ಬಿದ್ದ ದಾಳಿ ತಡೆಯಲು ಹೋಗಿ ಸತ್ತವನು. ಹೆಂಗಸರ ಕೂಗು ಕೇಳಿ ಓಡಿಹೋಗಿ ಸತ್ತವನು. ಗಡಿ ತಕರಾರಿನಲ್ಲಿ ಸತ್ತವನು. ಹುಲಿಗೆ ಎದುರು ನಿಂತು ಸತ್ತವನು.

ಬೆಂಗಳೂರಿನ ಹತ್ತಿರ ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಸುಮಾರು ಕ್ರಿ.ಶ. 890ರ ಒಂದು ಸಣ್ಣ ಶಾಸನ ಇದೆ. ನಾಗತ್ತರನ ಮಗ ಬುಟ್ಟಣಸೆಟ್ಟಿ ಬೆಂಗಳೂರ ಕಾಳಗದಲ್ಲಿ ಸತ್ತ ಅಂತ ಅದು ಹೇಳುತ್ತದೆ. ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದೇ ಅಲ್ಲಿ, ಒಬ್ಬನ ಸಾವಿನ ಸುದ್ದಿಯಲ್ಲಿ. ಗೆದ್ದವರು ಯಾರು, ಯಾಕೆ ಹೊಡೆದಾಡಿದರು ಅನ್ನುವ ಆರ್ಭಟ ಅದರಲ್ಲಿಲ್ಲ. ಯಾರ ಮಗ, ಏನು ಹೆಸರು, ಎಲ್ಲಿ ಸತ್ತ. ಅಷ್ಟೇ. ಸಾವಿರದ ನೂರಕ್ಕೂ ಹೆಚ್ಚು ವರ್ಷ ಆದ ಮೇಲೂ ಅವನ ಹೆಸರು ಓದುತ್ತಿದ್ದೇವೆ.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇನ್ನೂ ವಿಶೇಷ. ಅದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ದೊಡ್ಡ ಯುದ್ಧದ ಮಾತು ಅದರಲ್ಲಿ ಬರುತ್ತದೆ. ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದೂ ಬರುತ್ತದೆ. ಆದರೆ ಕಲ್ಲಿನಲ್ಲಿ ಕೆತ್ತಿದ ಚಿತ್ರ ಯಾವುದು ಗೊತ್ತಾ? ಕಾಳಿ ಎಂಬ ನಾಯಿ ಕಾಡುಹಂದಿಯ ಜೊತೆ ಕಾದಾಡುತ್ತಿರುವುದು. ಬೂತುಗನ ಕಡೆಯ ಮಣಲೇರ ಎಂಬ ವೀರ ಕೇಳಿ ಪಡೆದ ನಾಯಿ ಅದು. ಬೇಟೆಯಲ್ಲಿ ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಚಿತ್ರ ನನಗೆ ಬಹಳ ಇಷ್ಟ. ಸಾಮ್ರಾಜ್ಯದ ಗೆಲುವು ಅಕ್ಷರದಲ್ಲಿ ಉಳಿಯಿತು, ಕಳೆದುಕೊಂಡ ಜೀವ ಚಿತ್ರದಲ್ಲಿ ಉಳಿಯಿತು.

ಭೂಮಿ ಬಿಡುವ ಈ ಪದ್ಧತಿಯನ್ನು ನಿಮ್ಮ ಸ್ಮಾರಕ ಸಮಿತಿಯವರಿಗೆ ದಯವಿಟ್ಟು ಹೇಳಿ. ಕಲ್ಲು ನಿಲ್ಲಿಸಿ, ಕಾಯಿ ಒಡೆದು ಎಲ್ಲರೂ ಮನೆಗೆ ಹೋಗುತ್ತಿರಲಿಲ್ಲ. ಸತ್ತವನ ಮಕ್ಕಳಿಗೆ ಗದ್ದೆಯನ್ನೋ ಹೊಲವನ್ನೋ ಕೊಟ್ಟ ದಾಖಲೆಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನೆತ್ತರುಗೊಡಗೆ, ಕಲ್ನಾಡು ಎಂದೆಲ್ಲ ಅವನ್ನು ಕರೆದರು. ನಾವು ಕನ್ನಡದ ತೀರ ಹಳೆಯ ಬರಹ ಎಂದು ಹೆಮ್ಮೆ ಪಡುವ ಹಲ್ಮಿಡಿ ಶಾಸನ ಕೂಡ ಕಾಳಗದಲ್ಲಿ ಹೋರಾಡಿದವನಿಗೆ ಹಳ್ಳಿ ಬಿಟ್ಟುಕೊಟ್ಟ ಪತ್ರವೇ. ಇಂಥ ದತ್ತಿಗೆ ಕೈ ಹಾಕಿದವನಿಗೆ ವಾರಣಾಸಿಯಲ್ಲಿ ಕವಿಲೆ, ಅಂದರೆ ಹಸು, ಕೊಂದ ಪಾಪ ತಟ್ಟಲಿ ಅಂತ ಕೆತ್ತಿಸುತ್ತಿದ್ದರು. ಗಮನಿಸಿ, ಆ ಶಾಪ ಬದುಕಿರುವವರಿಗೆ. ಕೊಟ್ಟ ಮಾತು ತಪ್ಪುವವರಿಗೆ.

ಇಷ್ಟೇ ಹೇಳಿ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ.

ನಡುವಿನ ಪಟ್ಟಿಕೆಗೆ ಮತ್ತೆ ಬನ್ನಿ. ಅಲ್ಲಿ ಯಾವ ವೀರನಿಗೂ ನೋವಿಲ್ಲ. ತುಂಡಾದ ಕೈ ಇಲ್ಲ, ನೀರಿಗಾಗಿ ಕೂಗುವ ಬಾಯಿ ಇಲ್ಲ. ಎಳೆಯ ಮುಖದ ಅಪ್ಸರೆಯರು, ಚಾಮರ, ಕೆಲವು ಕಡೆ ವಿಮಾನ. ಎಷ್ಟೋ ಕಲ್ಲುಗಳ ಮೇಲೆ ಒಂದೇ ಸಂಸ್ಕೃತ ಶ್ಲೋಕ ಬರುತ್ತದೆ: ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ’. ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣು, ಕ್ಷಣದಲ್ಲಿ ಹಾಳಾಗುವ ಮೈ ಇದು, ಯುದ್ಧದಲ್ಲಿ ಸಾಯಲು ಚಿಂತೆ ಏಕೆ ಅಂತ. ಈ ಶ್ಲೋಕ ಯಾರಿಗೆ ಹೇಳಿದ್ದು? ಸತ್ತವನಿಗಂತೂ ಅಲ್ಲ. ಅವನು ಕೇಳಿಸಿಕೊಳ್ಳಲಾರ. ಕಲ್ಲಿನ ಮುಂದೆ ನಿಂತ ಹದಿನೆಂಟರ ಹುಡುಗನಿಗೆ ಹೇಳಿದ್ದು. ನಿಮ್ಮ ಊರಿನವರ ‘ಮುಂದಿನ ವೀರ ನೀನೇ’ ಅನ್ನುವ ಸಾಲು ಇದರ ಮೊಮ್ಮಗು.

ಇದರಿಂದ ಏನಾಯಿತು ಅನ್ನುವುದೂ ಕಲ್ಲಿನಲ್ಲೇ ಇದೆ. ವೀರಗಲ್ಲಿನ ಪಕ್ಕದಲ್ಲೇ ಎಷ್ಟೋ ಕಡೆ ಮಾಸ್ತಿಕಲ್ಲು ಇರುತ್ತದೆ. ಮಡಚಿ ಮೇಲೆತ್ತಿದ ಬಲಗೈ, ಕೈತುಂಬ ಬಳೆ. ಗಂಡ ಸತ್ತ ಮೇಲೆ ಬೆಂಕಿಗೆ ಹೋದ ಹೆಣ್ಣಿನ ಗುರುತು. ಒಬ್ಬನ ಸಾವನ್ನು ಅಷ್ಟು ಚೆಂದ ಮಾಡಿ ತೋರಿಸಿದಾಗ, ಅವನ ಹಿಂದೆ ಉಳಿದವಳ ಬದುಕು ಸಣ್ಣದಾಗಿ ಕಾಣತೊಡಗುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹತ್ತಿರದ ಕಂಬದ ಶಾಸನ ಇನ್ನೂ ಮುಂದೆ ಹೋಗುತ್ತದೆ. ಎರಡನೇ ವೀರಬಲ್ಲಾಳ ತೀರಿಕೊಂಡಾಗ ಅವನ ಗರುಡನಾಗಿದ್ದ, ಅಂದರೆ ಒಡೆಯನ ಜೊತೆಗೇ ಸಾಯುವ ಆಣೆ ಇಟ್ಟ ಅಂಗರಕ್ಷಕನಾಗಿದ್ದ ಕುವರಲಕ್ಷ್ಮ ತನ್ನ ಹೆಂಡತಿ ಮತ್ತು ಜೊತೆಗಾರರ ಸಮೇತ ಪ್ರಾಣ ಕೊಟ್ಟ. ಯಾರೂ ದಾಳಿ ಮಾಡಿರಲಿಲ್ಲ. ಕಾಪಾಡಬೇಕಾದ ಊರಾಗಲಿ ದನವಾಗಲಿ ಇರಲಿಲ್ಲ. ಒಡೆಯ ಸತ್ತ, ಹಾಗಾಗಿ ಅವರೂ ಸತ್ತರು. ಆ ಕಂಬದ ಕೆಲಸ ಅದ್ಭುತ. ಅದು ಹೊಗಳುವ ಸಾವನ್ನು ನಾನು ಹೊಗಳಲಾರೆ.

ಇನ್ನೂ ಒಂದು ಮಾತು. ದನ ಉಳಿಸಲು ಹೋಗಿ ಸತ್ತವನಿಗೆ ಕಲ್ಲಿರುವ ಹಾಗೆ, ಒಡೆಯನ ಅಪ್ಪಣೆಯಂತೆ ಬೇರೆ ಊರಿನ ದನ ಹಿಡಿಯಲು ಹೋಗಿ ಸತ್ತವನಿಗೂ ಕಲ್ಲಿದೆ. ಎರಡು ಊರು, ಎರಡು ಕಲ್ಲು. ಎರಡರಲ್ಲೂ ಅದೇ ಅಪ್ಸರೆಯರು.

ಕಾಲ ಬದಲಾದ ಹಾಗೆ ಕಲ್ಲು ನಿಲ್ಲಿಸುವ ಕೆಲಸ ಊರಿನ ಕೈಯಿಂದ ಸರ್ಕಾರದ ಕೈಗೆ ಹೋಯಿತು. 1791ರಲ್ಲಿ ಟಿಪ್ಪುವಿನ ಬೆಂಗಳೂರು ಕೋಟೆಯನ್ನು ಬ್ರಿಟಿಷರು ಮುತ್ತಿದ್ದರು. ಮೈಸೂರು ಯುದ್ಧಗಳಲ್ಲಿ ಸತ್ತ ತಮ್ಮವರಿಗಾಗಿ ಅವರು ಈಗಿನ ಕಾರ್ಪೊರೇಷನ್ ಕಚೇರಿಯ ಹತ್ತಿರ ಸ್ಮಾರಕ ಕಟ್ಟಿಸಿದರು. ಇಂಥ ಸ್ಮಾರಕಕ್ಕೆ ಇಂಗ್ಲಿಷಿನಲ್ಲಿ ಸೆನೊಟಾಫ್ ಅನ್ನುತ್ತಾರೆ; ಈಗಿನ ನೃಪತುಂಗ ರಸ್ತೆಗೆ ಆಗ ಸೆನೊಟಾಫ್ ರೋಡ್ ಎಂಬ ಹೆಸರಿತ್ತು. 1964ರಲ್ಲಿ ಆ ಸ್ಮಾರಕವನ್ನು ಕೆಡವಿದರು. ಸೋತವರ ಊರಿನ ನಡುವೆ ಗೆದ್ದವರು ನಿಲ್ಲಿಸಿದ ಕಂಬವನ್ನು ಜನ ಎಷ್ಟು ದಿನ ಸಹಿಸುತ್ತಾರೆ? ಆದರೆ ಅದರಲ್ಲಿದ್ದ ಹೆಸರುಗಳೂ ಯಾರದೋ ಮಕ್ಕಳ ಹೆಸರುಗಳೇ.

ಮೊದಲ ಮಹಾಯುದ್ಧ ಇನ್ನೂ ಕಷ್ಟದ ಉದಾಹರಣೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳು ಕುದುರೆ ಮೇಲೆ, ಈಟಿ ಕತ್ತಿ ಹಿಡಿದು, ಮೆಷಿನ್ ಗನ್‌ಗಳಿಗೆ ಎದುರಾಗಿ ನುಗ್ಗಿ ಹೈಫಾ ಪಟ್ಟಣವನ್ನು ತುರ್ಕರಿಂದ ಕಿತ್ತುಕೊಂಡರು. ದೆಹಲಿಯ ತೀನ್ ಮೂರ್ತಿಯಲ್ಲಿರುವ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಲ್ಯಾನ್ಸರ್‌ಗಳ ನೆನಪಿನವು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಸೇರಿಸಿದರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್‌ಗಳ ಸ್ಮಾರಕ ಇದೆ. ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಮೈಸೂರು ಸೀಮೆಯ ಹುಡುಗನಿಗೆ ತುರ್ಕರ ಜೊತೆ ಏನು ಜಗಳ ಇತ್ತು? ನಮ್ಮನ್ನು ಆಳುತ್ತಿದ್ದವರ ಸಾಮ್ರಾಜ್ಯಕ್ಕಾಗಿ ಅವನು ಹೋದ. ಸಂಬಳ, ಮರ್ಯಾದೆ, ಮಹಾರಾಜರ ಮಾತು, ಹುಡುಗಾಟಿಕೆ, ಏನು ಕಾರಣವೋ ಹೋದ. ಹೋದವನು ಧೈರ್ಯದಿಂದ ಹೋರಾಡಿದ. ಅವನ ಧೈರ್ಯವನ್ನು ನೆನೆಯಲು ನಾನು ಬ್ರಿಟಿಷ್ ಸಾಮ್ರಾಜ್ಯವನ್ನು ಒಪ್ಪಬೇಕಾಗಿಲ್ಲ. ನಿಮ್ಮ ಮಕ್ಕಳಿಗೆ ಇದೊಂದು ಗೊತ್ತಾದರೆ ಸಾಕು ಅನ್ನಿಸುತ್ತದೆ: ಸೈನಿಕನ ಮೇಲಿನ ಗೌರವ ಒಂದು, ಅವನನ್ನು ಕಳಿಸಿದವರ ತೀರ್ಮಾನ ಇನ್ನೊಂದು. ಮೊದಲನೆಯದನ್ನು ತೋರಿಸಿ ಎರಡನೆಯದಕ್ಕೆ ಒಪ್ಪಿಗೆ ಕೇಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ.

ಆ ಯುದ್ಧದಲ್ಲಿ ಸುಮಾರು 74,000 ಭಾರತೀಯ ಸೈನಿಕರು ಸತ್ತರು. 1931ರಲ್ಲಿ ಇಂಡಿಯಾ ಗೇಟ್ ತೆರೆದಾಗ ಅದರ ಮೇಲೆ ಕೆತ್ತಿದ್ದು 13,000ಕ್ಕೆ ಸ್ವಲ್ಪ ಹೆಚ್ಚು ಹೆಸರು. ಅಧಿಕಾರಿ, ಜವಾನ ಎಂಬ ಭೇದ ಇಲ್ಲದೆ ಸತ್ತವರಿಗೆಲ್ಲ ಒಂದೇ ರೀತಿಯ ಗೌರವ ಕೊಡುತ್ತೇವೆ ಅಂತ ಬ್ರಿಟನ್ನಿನ ಯುದ್ಧ ಸಮಾಧಿ ಆಯೋಗ ಆಗ ಹೇಳಿಕೊಂಡಿತ್ತು. ಯುರೋಪಿನ ಮಟ್ಟಿಗೆ ಅದು ನಡೆಯಿತು. ಪೂರ್ವ ಆಫ್ರಿಕಾ, ಇರಾಕ್ ಕಡೆ ಸತ್ತ ಆಫ್ರಿಕನ್ನರು, ಭಾರತೀಯರ ವಿಷಯದಲ್ಲಿ ನಡೆಯಲಿಲ್ಲ. 2021ರಲ್ಲಿ ಆಯೋಗವೇ ತನಿಖೆ ಮಾಡಿಸಿ ಒಪ್ಪಿಕೊಂಡಿತು. ಕನಿಷ್ಠ 1,16,000, ಬಹುಶಃ 3,50,000ದಷ್ಟು ಜನರ ಹೆಸರು ಯಾವ ಸ್ಮಾರಕದಲ್ಲೂ ಬರಲೇ ಇಲ್ಲ. ಹೊರೆ ಹೊತ್ತು ಕಾಡಿನಲ್ಲಿ ಸತ್ತವರೇ ಅವರಲ್ಲಿ ಜಾಸ್ತಿ. ಸ್ಮಾರಕಗಳೇ ಬೇಡ ಅನ್ನುವವರಿಗೆ ನಾನು ಈ ಲೆಕ್ಕ ತೋರಿಸುತ್ತೇನೆ. ನೆನೆಯದೇ ಬಿಟ್ಟರೆ ಯುದ್ಧ ಕಡಿಮೆಯಾಗುವುದಿಲ್ಲ. ಯಾರು ಸತ್ತರು ಅನ್ನುವುದು ಮಾತ್ರ ಅಳಿಸಿಹೋಗುತ್ತದೆ. ಸತ್ತವರ ಲೆಕ್ಕ ಇಲ್ಲದಿದ್ದರೆ ಮುಂದಿನ ಯುದ್ಧ ಹೂಡುವವರಿಗೇ ಅನುಕೂಲ.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರವರಿ 25ರಂದು ತೆರೆಯಿತು. ತೆರೆದಾಗ ಅದರಲ್ಲಿ 25,942 ಹೆಸರು ಇದ್ದವು, ಒಬ್ಬೊಬ್ಬರಿಗೂ ಬೇರೆ ಬೇರೆ ಗ್ರಾನೈಟ್ ಫಲಕ. ಇದು ಒಳ್ಳೆಯದೇ. ಹೆಸರು ಓದುವಾಗ ಘೋಷಣೆ ಕೂಗಲು ಬಾಯಿ ಬರುವುದಿಲ್ಲ.

ಈಗ ಮಕ್ಕಳು ಕೇಳಬಹುದಾದ ಪ್ರಶ್ನೆಗೆ ಬರೋಣ. ನಮ್ಮ ಕಾಲದ, ನಮ್ಮ ದೇಶದ ಯುದ್ಧದಲ್ಲಿ ಸತ್ತವರ ಬಗ್ಗೆಯೂ ಪ್ರಶ್ನೆ ಕೇಳಬಹುದಾ? ಕಾರ್ಗಿಲ್ ತೆಗೆದುಕೊಳ್ಳಿ. 1999ರಲ್ಲಿ ನಮ್ಮ 527 ಸೈನಿಕರು ಸತ್ತರು. ಅದು ನಾವು ಬಯಸಿದ ಯುದ್ಧ ಅಲ್ಲ. ನಮ್ಮ ನೆಲದೊಳಗೆ ನುಗ್ಗಿ ಕೂತವರನ್ನು ಹೊರಗಟ್ಟಲು ಆ ಹುಡುಗರು ಕಡಿದಾದ ಬಂಡೆ ಹತ್ತಿದರು. ದ್ರಾಸ್‌ನ ಸ್ಮಾರಕದ ಮುಂದೆ ನಿಂತು ಕಣ್ಣು ಒದ್ದೆಯಾದರೆ ಅದು ಯುದ್ಧದ ಹುಚ್ಚು ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಆದರೆ ಇನ್ನೊಂದು ಸಂಗತಿಯೂ ಇದೆ. ಯುದ್ಧ ಜುಲೈ 26ಕ್ಕೆ ಮುಗಿಯಿತು. ಮೂರೇ ದಿನಕ್ಕೆ, ಜುಲೈ 29ರಂದು, ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯಲ್ಲಿ ಸರ್ಕಾರ ಸಮಿತಿ ಮಾಡಿತು. ಅಷ್ಟು ಜನ ಒಳಗೆ ಬಂದು ಕೂತರೂ ನಮಗೇಕೆ ಗೊತ್ತಾಗಲಿಲ್ಲ ಎಂಬುದೇ ಅದರ ಮುಖ್ಯ ಪ್ರಶ್ನೆ. ಗೂಢಚರ್ಯೆಯಲ್ಲಿ ಲೋಪ ಆಗಿತ್ತು ಎಂದು ವರದಿ ಹೇಳಿತು. ಭದ್ರತೆಯ ಕಾರಣಕ್ಕೆ ಕೆಲವು ಭಾಗ ಬಿಟ್ಟು 2000ದ ಫೆಬ್ರವರಿಯಲ್ಲಿ ವರದಿಯನ್ನು ಸಂಸತ್ತಿನಲ್ಲಿ ಇಟ್ಟರು. ಆ ಸಮಿತಿಯ ಕೆಲಸವೂ ಸತ್ತವರಿಗೆ ಸಲ್ಲಿಸಿದ ಗೌರವವೇ. ‘ಯಾಕೆ ಸಾಯಬೇಕಾಯಿತು’ ಅಂತ ಕೇಳದೆ ಸುಮ್ನೆ ಹಾರ ಹಾಕಿದರೆ, ಆ ಲೋಪ ಮುಂದೆಯೂ ಉಳಿಯುತ್ತದೆ. ಮುಂದಿನ ಬ್ಯಾಚಿನ ಹುಡುಗರು ಅದಕ್ಕೆ ಬೆಲೆ ತೆರುತ್ತಾರೆ.

ಕಾರ್ಗಿಲ್‌ನ ಇನ್ನೊಂದು ಪ್ರಸಂಗವನ್ನು ನಿಮ್ಮ ಮಕ್ಕಳಿಗೆ ಹೇಳಲೇಬೇಕು. ಟೈಗರ್ ಹಿಲ್ ಕಾಳಗದಲ್ಲಿ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ ಸತ್ತ (ಕರ್ನಲ್ ಅನ್ನುವುದು ಇಲ್ಲಿ ಹುದ್ದೆಯಲ್ಲ, ಅವನ ಹೆಸರೇ). ಎದುರಾಳಿಯಾಗಿದ್ದ ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ, ಈತ ತುಂಬಾ ಧೈರ್ಯದಿಂದ ಹೋರಾಡಿದ ಎಂದು ಚೀಟಿ ಬರೆದು ಹೆಣದ ಜೇಬಿನಲ್ಲಿಟ್ಟು ಕಳಿಸಿದರು. ಆಮೇಲೆ ಪಾಕಿಸ್ತಾನ ಅವನಿಗೆ ತನ್ನ ಅತಿ ದೊಡ್ಡ ಶೌರ್ಯ ಪದಕ ನಿಶಾನ್-ಎ-ಹೈದರ್ ಕೊಟ್ಟಿತು. ಪಾಕಿಸ್ತಾನ ಮೊದಲು ತನ್ನವರೆಂದೇ ಒಪ್ಪದ ಎಷ್ಟೋ ಸೈನಿಕರನ್ನು ನಮ್ಮ ಸೈನ್ಯವೇ ಅವರ ಧರ್ಮದ ಪ್ರಕಾರ ಮಣ್ಣು ಮಾಡಿತು. ಯುದ್ಧ ಮಾಡಿದವರಿಗೆ ಇಷ್ಟು ಸಾಧ್ಯವಾಗಿತ್ತು. ಮೈಕ್ ಮುಂದೆ ನಿಂತವರಿಗೆ ಇದು ಯಾಕೆ ಕಷ್ಟವಾಗುತ್ತದೋ ನನಗೆ ಅರ್ಥವಾಗುವುದಿಲ್ಲ.

ಗುಂಡಿನಿಂದ ಆಗದ ಸಾವುಗಳ ಮಾತನ್ನೂ ಆಡಬೇಕು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ನಿಮ್ಮ ಕಡೆಯ ಯಾರೂ ಮರೆತಿರಲಾರರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಆರು ದಿನದ ಮೇಲೆ ಹನುಮಂತಪ್ಪ ಜೀವಂತ ಸಿಕ್ಕರು. ಇಡೀ ರಾಜ್ಯ ಹರಕೆ ಹೊತ್ತಿತು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಮೇಲೆ ಯಾರೂ ಗುಂಡು ಹಾರಿಸಿರಲಿಲ್ಲ. 1984ರಿಂದ ನಾವು ಆ ಹಿಮನದಿಯ ಮೇಲೆ ಕಾವಲು ಇದ್ದೇವೆ. ಅಲ್ಲಿ ಗುಂಡಿಗಿಂತ ಚಳಿ, ಹಿಮಕುಸಿತ, ಎತ್ತರದ ಗಾಳಿಗೇ ಹೆಚ್ಚು ಜನ ಬಲಿಯಾಗಿದ್ದಾರೆ. ಎದುರು ಪಾಕಿಸ್ತಾನದ ಸೈನಿಕರ ಕಥೆಯೂ ಅದೇ. 2012ರಲ್ಲಿ ಗಯಾರಿಯಲ್ಲಿ ಹಿಮ ಬಿದ್ದು ಅವರ ನೂರಕ್ಕೂ ಹೆಚ್ಚು ಜನ ಒಮ್ಮೆಲೇ ಸತ್ತರು. ಇಂಥ ಸಾವಿಗೆ ಬಂದೂಕು ಹಿಡಿದು ಘರ್ಜಿಸುವ ಪ್ರತಿಮೆ ಮಾಡಿದರೆ, ಅವರು ನಿಜವಾಗಿ ಪಟ್ಟ ಕಷ್ಟವನ್ನೇ ಮುಚ್ಚಿದ ಹಾಗೆ. ಮೈನಸ್ ನಲವತ್ತು ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಕಾಯುವುದು ಸಿನಿಮಾದ ಯುದ್ಧಕ್ಕಿಂತ ಕಷ್ಟ. ಅದಕ್ಕೆ ತಕ್ಕ ಮಾತು ಹುಡುಕಿ. ನಿಮ್ಮ ಹುಡುಗ ಹೇಗೆ ತೀರಿಕೊಂಡ ಅಂತ ನೀವು ಬರೆದಿಲ್ಲ. ಹೇಗೆ ತೀರಿಕೊಂಡಿದ್ದರೂ ಅದನ್ನು ಇದ್ದ ಹಾಗೇ ಬರೆಯಿರಿ.

ಬೇರೆ ದೇಶಗಳವರೂ ಈ ಗಂಟು ಬಿಡಿಸಲು ಒದ್ದಾಡಿದ್ದಾರೆ. ಜರ್ಮನಿಯ ಕಲಾವಿದೆ ಕೇಟೆ ಕೋಲ್‌ವಿಟ್ಸ್ ಅವರ ಮಗ ಪೀಟರ್ ಹದಿನೆಂಟನೇ ವಯಸ್ಸಿಗೆ ಸೈನ್ಯಕ್ಕೆ ಹೊರಟ. ಅಪ್ಪ ಬೇಡ ಅಂದಾಗ, ಕಳಿಸೋಣ ಅಂತ ಒಪ್ಪಿಸಿದವರು ಈ ತಾಯಿಯೇ. 1914ರ ಅಕ್ಟೋಬರ್‌ನಲ್ಲಿ ಅವನು ಬೆಲ್ಜಿಯಂನಲ್ಲಿ ಸತ್ತ. ಅವನಿಗೊಂದು ಸ್ಮಾರಕ ಮಾಡಲು ಆಕೆಗೆ 1932ರವರೆಗೆ ಹಿಡಿಯಿತು. ಮೊದಲು ಮಗನ ಆಕೃತಿಯನ್ನೇ ಮಾಡಲು ಹೊರಟಿದ್ದರು. ಕೊನೆಗೆ ಮಾಡಿದ್ದು ಮಂಡಿಯೂರಿದ ಇಬ್ಬರು ಮುದುಕರನ್ನು, ಅಪ್ಪ ಮತ್ತು ಅಮ್ಮ. ಸೈನಿಕ ಇಲ್ಲ, ಆಯುಧ ಇಲ್ಲ. ಬೆಲ್ಜಿಯಂನ ವ್ಲಾಡ್ಸ್ಲೊ ಸ್ಮಶಾನದಲ್ಲಿ ಅವರ ಮುಂದೆ ಸಾವಿರಾರು ಜರ್ಮನ್ ಹುಡುಗರ ಗೋರಿಗಳಿವೆ. ನಾನು ತಿಳಿದ ಯುದ್ಧ ಸ್ಮಾರಕಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಕಡಿಮೆ.

ವಾಷಿಂಗ್ಟನ್‌ನ ವಿಯೆಟ್ನಾಂ ಸ್ಮಾರಕ 1982ರದು. ಮಾಯಾ ಲಿನ್ ಎಂಬ ವಿದ್ಯಾರ್ಥಿನಿಯ ವಿನ್ಯಾಸ ಅದು. ಕಪ್ಪು ಕಲ್ಲಿನ ಗೋಡೆ, 58,000ಕ್ಕೂ ಹೆಚ್ಚು ಹೆಸರು, ಸತ್ತ ದಿನದ ಕ್ರಮದಲ್ಲಿ. ಇದು ನಾಚಿಕೆಯ ಗುರುತು ಅಂತ ಮೊದಲು ಕೆಲವರು ರೇಗಿದರು. ಅವರ ಸಮಾಧಾನಕ್ಕೆ ಹತ್ತಿರದಲ್ಲೇ ಮೂವರು ಸೈನಿಕರ ಪ್ರತಿಮೆ ನಿಲ್ಲಿಸಬೇಕಾಯಿತು. ಆದರೆ ಹಳೆಯ ಸೈನಿಕರು ಗೋಡೆಗೇ ಬಂದರು, ಗೆಳೆಯನ ಹೆಸರು ಹುಡುಕಿ ಕೈಯಿಟ್ಟು ಅತ್ತರು. ಅದರಲ್ಲೂ ಕೊರತೆ ಇದೆ. ಅದೇ ಯುದ್ಧದಲ್ಲಿ ಸತ್ತ ಲಕ್ಷಾಂತರ ವಿಯೆಟ್ನಾಮಿಗಳ ಒಂದು ಹೆಸರೂ ಅಲ್ಲಿಲ್ಲ. ಜಪಾನಿನ ಒಕಿನಾವಾದಲ್ಲಿ 1995ರಲ್ಲಿ ಮಾಡಿದ್ದು ಅದನ್ನೂ ಮೀರಿದ್ದು. ಅಲ್ಲಿಯ ಕಲ್ಲುಗಳ ಮೇಲೆ 2,40,000ಕ್ಕೂ ಹೆಚ್ಚು ಹೆಸರುಗಳಿವೆ: ಜಪಾನಿ ಸೈನಿಕರು, ಅಮೆರಿಕದ ಸೈನಿಕರು, ಕೊರಿಯಾದವರು, ಅಡುಗೆಮನೆಯಲ್ಲೂ ಗುಹೆಯಲ್ಲೂ ಸತ್ತ ಒಕಿನಾವಾದ ಸಾಮಾನ್ಯ ಜನ. ಅದೇ ಜಪಾನಿನ ಟೋಕಿಯೊದಲ್ಲಿ ಯಾಸುಕುನಿ ಗುಡಿ ಇದೆ. ಯುದ್ಧಾಪರಾಧದ ವಿಚಾರಣೆಗೆ ಗುರಿಯಾದ 14 ಮುಖಂಡರನ್ನು 1978ರಲ್ಲಿ ಸೈನಿಕರ ಜೊತೆಗೇ ಅಲ್ಲಿ ಸೇರಿಸಿಬಿಟ್ಟರು. ಕಳಿಸಿದವರನ್ನೂ ಹೋಗಿ ಸತ್ತವರನ್ನೂ ಒಂದೇ ಪೀಠದಲ್ಲಿ ಕೂರಿಸಿದ ಮೇಲೆ, ಅಲ್ಲಿ ಕೈಮುಗಿಯುವುದೇ ಜಗಳದ ವಿಷಯವಾಯಿತು.

ನಿಮ್ಮ ಎರಡನೇ ಸಹೋದ್ಯೋಗಿಯ ಸಿಟ್ಟನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ‘ನಿನ್ನ ಮಗ ಸುಮ್ನೆ ಸತ್ತ’ ಅಂತ ಕೇಳಿಸುವ ಹಾಗೆ ಮಾತಾಡುವುದು ಕ್ರೌರ್ಯ. ಹೆಮ್ಮೆ ಆಕೆಯ ಹಕ್ಕು, ಅದೊಂದೇ ಎಷ್ಟೋ ಮನೆಗಳನ್ನು ನಿಲ್ಲಿಸಿದೆ. ಹಾಗಾಗಿ ಕಲ್ಲಿನ ಮೇಲೆ ವಾದ ಬರೆಯಬೇಡಿ, ಯುದ್ಧವಿರೋಧಿ ಘೋಷಣೆಯೂ ಬೇಡ. ವಾದ, ಪ್ರಶ್ನೆಗಳಿಗೆಲ್ಲ ತರಗತಿ ಇದೆ. ಆದರೆ ತಾಯಿಯ ಹೆಮ್ಮೆಯನ್ನು ಬೇರೆಯವರು ಕಿತ್ತುಕೊಂಡು ಮೆರವಣಿಗೆ ಮಾಡುವುದೂ ಕ್ರೌರ್ಯವೇ. ಸೈನಿಕನ ಸಣ್ಣ ಫೋಟೋ, ಅದರ ಸುತ್ತ ಮುಖಂಡರ ದೊಡ್ಡ ಮುಖಗಳಿರುವ ಫ್ಲೆಕ್ಸ್ ನೀವೂ ನೋಡಿರುತ್ತೀರಿ.

ಗೌರವದ ನಿಜವಾದ ಪರೀಕ್ಷೆ ಉಳಿದವರ ವಿಷಯದಲ್ಲಿ ಆಗುತ್ತದೆ. ಶೌರ್ಯ ಪದಕ ಪಡೆದು ಸತ್ತ ಸೈನಿಕನ ಹೆಂಡತಿಗೆ ಪ್ರತಿ ತಿಂಗಳು ಸಿಗುವ ಪದಕದ ಭತ್ಯೆ ಆಕೆ ಮರುಮದುವೆಯಾದರೆ ನಿಂತುಹೋಗುತ್ತಿತ್ತು. ಸತ್ತ ಗಂಡನ ಅಣ್ಣತಮ್ಮಂದಿರನ್ನೇ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಈ ನಿಯಮವನ್ನು ತೆಗೆದದ್ದು 2017ರ ನವೆಂಬರ್‌ನಲ್ಲಿ. ಮಾಸ್ತಿಕಲ್ಲಿನ ಮನಸ್ಸು ಎಷ್ಟು ತಡವಾಗಿ ನಮ್ಮ ಕಾಗದಪತ್ರಗಳಿಂದ ಹೋಯಿತು ನೋಡಿ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷದ ಸೇವೆಯ ನಡುವೆ ಸತ್ತ ಅಗ್ನಿವೀರನ ಮನೆಯವರಿಗೆ ವಿಮೆ, ಪರಿಹಾರದ ಮೊತ್ತ ಸಿಗುತ್ತದೆ. ಕಾಯಂ ಸೈನಿಕನ ಮನೆಯವರಿಗೆ ಸಿಗುವ ಕುಟುಂಬ ಪಿಂಚಣಿ ಸಿಗುವುದಿಲ್ಲ. ಒಂದೇ ಬಂಕರ್‌ನಲ್ಲಿ, ಒಂದೇ ಶೆಲ್‌ಗೆ ಇಬ್ಬರು ಸತ್ತರೂ ಹೀಗೆ. ಇದು ಸರಿ ಅಂತ ನನಗೆ ಅನ್ನಿಸಿಲ್ಲ. ಸಾವಿರ ವರ್ಷದ ಹಿಂದೆ ಊರಿನವರು ನೆತ್ತರುಗೊಡಗೆ ಬಿಟ್ಟಾಗ ಸತ್ತವನು ಎಷ್ಟು ವರ್ಷ ಸೇವೆ ಮಾಡಿದ ಅಂತ ಎಣಿಸಿದ್ದು ನಾನು ಓದಿಲ್ಲ.

ಹಾಗಾದರೆ ನೀವು ಮಾಡಬಹುದಾದದ್ದು ಏನು? ಮೊದಲು ಆ ಹುಡುಗನ ತಾಯಿ, ಹೆಂಡತಿ ಇದ್ದರೆ ಹೆಂಡತಿ, ಇವರ ಹತ್ತಿರ ಕೂತು ಮಾತಾಡಿ. ಸಮಿತಿಯ ಸಭೆಗೂ ಮುಂಚೆ. ಅವರಿಗೆ ಯಾವ ಮಾತು ಬೇಕು, ಯಾವುದು ಬೇಡ ಅಂತ ಕೇಳಿ. ಬರಹದಲ್ಲಿ ಅವನ ಪೂರ್ತಿ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನ, ನಿಮ್ಮ ಶಾಲೆಯಲ್ಲಿ ಓದಿದ ವರ್ಷ, ಸೇರಿದ ಪಡೆ, ಎಲ್ಲಿ, ಯಾವ ದಿನ, ಹೇಗೆ ತೀರಿಕೊಂಡ ಅನ್ನುವುದು ಇರಲಿ. ಕಬಡ್ಡಿ ಆಡುತ್ತಿದ್ದನೋ, ಗಣಿತದಲ್ಲಿ ಮುಂದಿದ್ದನೋ, ಅದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಶತ್ರುವಿನ ಬೈಗುಳ ಬೇಡ. ದಾನಿಗಳ ಪಟ್ಟಿಯನ್ನು ಶಾಲೆಯ ಗೋಡೆಯ ಮೇಲೆ ಹಾಕಲಿ, ಅವನ ಕಲ್ಲಿನ ಮೇಲೆ ಬೇಡ.

ಬಂದೂಕಿನ ವಿಷಯದಲ್ಲಿ ಹಟ ಹಿಡಿಯಬೇಡಿ. ಅವನು ಸೈನಿಕ, ಅದು ಅವನ ಕೆಲಸದ ಸಾಮಾನು. ಪ್ರತಿಮೆ ಮನೆಯವರಿಗೆ ಒಪ್ಪಿಗೆಯಾದರೆ ಇರಲಿ. ಹಟ ಹಿಡಿಯಬೇಕಾದ್ದು ಆ ಒಂದು ಸಾಲಿನ ಬಗ್ಗೆ. ಚಂದಾ ಹಣದಲ್ಲಿ ಸ್ವಲ್ಪ ಭಾಗವನ್ನು ಅವನ ಹೆಸರಿನ ವಿದ್ಯಾರ್ಥಿವೇತನಕ್ಕೆ ಠೇವಣಿ ಇಡಲು ಹೇಳಿ. ಮನೆಯವರಿಗೆ ಬರಬೇಕಾದ ಸವಲತ್ತು ಪೂರ್ತಿ ಬಂದಿದೆಯಾ ಅಂತ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಲು ಸಮಿತಿಯವರೇ ಇಬ್ಬರನ್ನು ಕಳಿಸಲಿ. ಪ್ರತಿಮೆಯಷ್ಟೇ ಮುಖ್ಯವಾದ ಕೆಲಸ ಇದು.

ರೂಪಕದ ಬದಲು ಊರಿನ ಅಥವಾ ಪಕ್ಕದ ಊರಿನ ಮಾಜಿ ಸೈನಿಕರೊಬ್ಬರನ್ನು ಕರೆಸಿ. ಭಾಷಣ ಬೇಡ, ಮಕ್ಕಳು ಪ್ರಶ್ನೆ ಕೇಳಲಿ. ಊಟ ಏನು ಸಿಗುತ್ತಿತ್ತು, ಭಯ ಆಗುತ್ತಿತ್ತಾ, ಮನೆ ನೆನಪಾಗುತ್ತಿತ್ತಾ, ಯುದ್ಧ ಬೇಕು ಅನ್ನಿಸುತ್ತಿತ್ತಾ. ಗಡಿಯಲ್ಲಿದ್ದು ಬಂದವರು ಈ ಪ್ರಶ್ನೆಗಳಿಗೆ ಬಹಳ ನೇರವಾಗಿ ಉತ್ತರಿಸುತ್ತಾರೆ. ಸೈನ್ಯ ಸೇರಬೇಕು ಅಂತ ಆಸೆ ಇರುವ ಮಕ್ಕಳಿದ್ದರೆ ಅವರಿಗೂ ಇದೇ ಒಳ್ಳೆಯದು. ನಮ್ಮ ಕಡೆ ಎಷ್ಟೋ ಬಡ ಮನೆಗಳಿಗೆ ಸೈನ್ಯ ಒಂದು ಒಳ್ಳೆಯ ನೌಕರಿ. ಆ ನೌಕರಿಗೆ ಹೋಗುವವನು ಕಣ್ಣು ಬಿಟ್ಟು, ತಿಳಿದು ಹೋಗಲಿ. ಸಾಧ್ಯವಾದರೆ ಅದೇ ವಾರ ಮಕ್ಕಳನ್ನು ಹತ್ತಿರದ ಒಂದು ವೀರಗಲ್ಲಿನ ಹತ್ತಿರ ಕರೆದುಕೊಂಡು ಹೋಗಿ, ಮೂರು ಪಟ್ಟಿಕೆಯನ್ನೂ ತೋರಿಸಿ. ಯಾವ ಪಟ್ಟಿಕೆಯಲ್ಲಿ ಏನು ಬಿಟ್ಟಿದ್ದಾರೆ ಅಂತ ಅವರೇ ಹೇಳಲಿ.

ಸಮಿತಿಯವರು ಆ ಸಾಲನ್ನು ಬಿಡಲು ಒಪ್ಪದೇ ಹೋಗಬಹುದು. ಆಗ ಸಭೆಯಲ್ಲೇ ಎದ್ದು ನಿಂತು, ‘ಇದು ಸತ್ತವನ ಬಗ್ಗೆ ಹೇಳುವ ಮಾತಲ್ಲ, ನಮ್ಮ ಮಕ್ಕಳನ್ನು ಸಾಯಲು ಕರೆಯುವ ಮಾತು, ಇದನ್ನು ನಾನು ಬರೆಯುವುದಿಲ್ಲ’ ಎಂದು ಹೇಳಿ. ಹೆಸರು ಮತ್ತು ವಿವರಗಳ ಬರಹವನ್ನು ಮಾತ್ರ ನೀವು ಬರೆದುಕೊಡಿ. ಉಳಿದದ್ದು ಬೇಕಾದವರು ಬರೆದುಕೊಳ್ಳಲಿ. ಯುದ್ಧದ ರೂಪಕಕ್ಕೆ ಮಕ್ಕಳನ್ನು ತಯಾರು ಮಾಡಲು ಆಗುವುದಿಲ್ಲ ಅನ್ನುವುದನ್ನೂ ಅವತ್ತೇ ತಿಳಿಸಿ. ಆದರೆ ಉದ್ಘಾಟನೆಗೆ ಹೋಗದೇ ಇರಬೇಡಿ. ಅವನು ನಿಮ್ಮ ವಿದ್ಯಾರ್ಥಿ, ಅವನ ತಾಯಿ ಅಲ್ಲಿ ಬಂದಿರುತ್ತಾರೆ. ಅವರ ಪಕ್ಕದಲ್ಲಿ ಕೂತುಕೊಳ್ಳಿ.